ಅಪ್ಪಾಜಿ ಹೆಬ್ಬೆರಳಿನ ವಿಷಯ

ಟಿಬಿಲಿಸಿ, ಜಾರ್ಜಿಯಾ, ಭಾನುವಾರ ರಾತ್ರಿ

ಅಮ್ಮಾ,

ನಾನು ಕ್ಷೇಮ. ರಜೆ ಮುಗಿಸಿ ಬಂದ ಗೆಳತಿ ನಿನ್ನ ಡಬ್ಬಿ ತಲುಪಿಸಿದಳು. ಚಟ್ನಿಪುಡಿ ಚೆಲ್ಲಿಲ್ಲ, ಕೊಬ್ಬರಿ ಮಿಠಾಯಿ ಮಾತ್ರ ಸ್ವಲ್ಪ ಪುಡಿಯಾಗಿತ್ತು, ಚಮಚದಲ್ಲಿ ತಿಂದೆವು. ಕಾಗದವನ್ನೂ ಓದಿದೆ. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಸುಜಾತಕ್ಕನ ಮಗಳ ಮದುವೆ. ಕೊನೆಗೆ ಒಂದು ಸಾಲು: ಅಪ್ಪಾಜಿ ಕಾಲಿನ ಹೆಬ್ಬೆರಳಿಗೆ ಸಣ್ಣ ಗಾಯ, ತಿಂಗಳಾಯ್ತು, ನೋವೇನೂ ಇಲ್ಲವಂತೆ, ನೀನು ಯೋಚನೆ ಮಾಡಬೇಡ.

ಆ 'ನೋವಿಲ್ಲ' ಅನ್ನುವುದೇ ನನಗೆ ಯೋಚನೆ ಅಮ್ಮ.

ಅಪ್ಪಾಜಿಗೆ ಶುಗರ್ ಬಂದು ಹನ್ನೆರಡು ವರ್ಷ ಆಯ್ತು. ಶುಗರ್ ಜಾಸ್ತಿ ಇದ್ದೂ ಇದ್ದೂ ಪಾದದ ನರ ಸತ್ತುಹೋಗುತ್ತದೆ. ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ರಕ್ತದ ಓಡಾಟವೂ ಕಡಿಮೆ, ಅದಕ್ಕೇ ಗಾಯ ಮಾಯುವುದಿಲ್ಲ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಕೀವು ಮೂಳೆಯವರೆಗೂ ಇಳಿದಿರಬಹುದು. ಇದನ್ನು ಅವರಿಗೆ ಓದಿ ಹೇಳಬೇಡ. ಬೇಡ, ಹೇಳು, ಹೆದರಲಿ.

ಹೋದ ವಾರ ಮೆಡಿಕಲ್ ಕಾಲೇಜಿನಲ್ಲಿ ನಮಗೆ ಪಾದದ ಸ್ಪರ್ಶ ಪರೀಕ್ಷಿಸುವ ಒಂದು ನೈಲಾನ್ ಎಳೆ ಕೊಟ್ಟಿದ್ದರು. 10 ಗ್ರಾಂ ಭಾರ ಬಿದ್ದರೆ ಬಾಗುತ್ತದೆ. ಕಣ್ಣು ಮುಚ್ಚಿಸಿ ಪಾದಕ್ಕೆ ಒತ್ತಿ, ಗೊತ್ತಾಯ್ತಾ ಅಂತ ಕೇಳಬೇಕು. ಒಬ್ಬರಿಗೊಬ್ಬರು ಮಾಡಿಕೊಂಡೆವು. ನನಗೆ ಕಚಗುಳಿಯಾಗಿ ನಗು ತಡೆಯಲಿಲ್ಲ. ನಿನ್ನ ಕಾಗದ ಬಂದ ಮೇಲೆ ಆ ನಗು ನೆನೆದರೆ ಒಂಥರಾ ಆಗುತ್ತದೆ.

ನಾಳೆಯೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗು. ಕೊಯ್ಲು ಮುಗಿಯಲಿ ಅನ್ನುತ್ತಾರೆ, ಕೇಳಬೇಡ. ಅರಿಶಿನ ಸುಣ್ಣ ಹಚ್ಚುವುದು ನಿಲ್ಲಿಸು. ಹಂಡೆಯ ಬಿಸಿನೀರಲ್ಲಿ ಕಾಲು ಇಡಲು ಬಿಡಬೇಡ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ತೋಟಕ್ಕೆ ಬರಿಗಾಲಲ್ಲಿ ಹೋಗುವುದು ಬಂದ್. ಹಿಂದಿನ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ ಮಾಡಿಸಲೇಬೇಕು. ಪರೀಕ್ಷೆಯ ದಿನ ಬೆಳಿಗ್ಗೆ ಮಾತ್ರ ಪಥ್ಯ ಮಾಡಿ ಡಾಕ್ಟರಿಗೆ ಮೋಸ ಮಾಡುತ್ತಾರಲ್ಲ, ಈ ಪರೀಕ್ಷೆಯಲ್ಲಿ ಅದು ನಡೆಯಲ್ಲ.

ನನ್ನ ಫೀಸಿಗೆ ಅಂತ ಆಸ್ಪತ್ರೆ ಮುಂದೂಡುತ್ತಿದ್ದಾರೆ ಅಲ್ವಾ? ನಿಜ ಹೇಳು. ಕಾಲೇಜಿನವರು ಫೀಸನ್ನು ಎರಡು ಕಂತು ಮಾಡಿಕೊಡುತ್ತಾರೆ, ಕೇಳಿದ್ದೇನೆ. ನನ್ನ ಹತ್ತಿರ ದುಡ್ಡಿದೆ. ಬೇಕಾದಷ್ಟಿದೆ.

ನಾಳೆಯಿಂದ ನಮಗೆ ಆಸ್ಪತ್ರೆ ಡ್ಯೂಟಿ, ಮೊದಲು ಮೆಡಿಸಿನ್ ವಾರ್ಡು. ಪಾಠ ಇಂಗ್ಲಿಷಿನಲ್ಲಾದರೂ ರೋಗಿಗಳದು ಜಾರ್ಜಿಯನ್. 33 ಅಕ್ಷರ, ನಮ್ಮ ಕನ್ನಡದ ಹಾಗೇ ದುಂಡು ದುಂಡು. ಉತ್ತರ ಭಾರತದ ಹುಡುಗರಿಗಿಂತ ನಾನೇ ಬೇಗ ಕಲಿತೆ. ಇವರಿಗೆ ಬ್ರೆಡ್ಡು ಅಂದರೆ 'ಪುರಿ', ಅಮ್ಮ ಅಂದರೆ 'ದೇದಾ', ಅಪ್ಪ ಅಂದರೆ 'ಮಾಮಾ'! ಪುಟ್ಟ ಇಲ್ಲಿಗೆ ಬಂದು ಸೋದರಮಾವನನ್ನು ಕೂಗಿದರೆ ಎಲ್ಲರೂ ಅವನ ಅಪ್ಪ ಅಂದುಕೊಳ್ಳುತ್ತಾರೆ. ರೋಗಿಗೆ ಕೇಳುವ ಮೊದಲ ಪ್ರಶ್ನೆ 'ರಾ ಗ್ಟ್ಕಿವಾತ್', ಏನು ನೋಯುತ್ತಿದೆ ಅಂತ. ಗ, ಟ, ಕ ಮೂರನ್ನೂ ಒಂದೇ ಉಸಿರಿಗೆ ನುಂಗಬೇಕು. ಒತ್ತಕ್ಷರ ತಿದ್ದಿ ಬೆಳೆದವಳಿಗೆ ಅದೇನು ಮಹಾ! ಆದರೆ ನಾಳೆ ಯಾರಾದರೂ ಅಪ್ಪಾಜಿ ವಯಸ್ಸಿನವರು 'ಏನೂ ಇಲ್ಲ' ಅಂದರೆ ಮೊದಲು ಸಾಕ್ಸ್ ಬಿಚ್ಚಿಸಿಯೇ ನೋಡುತ್ತೇನೆ.

ಇನ್ನೊಂದು. ವಾರ್ಡಿನಲ್ಲಿ ಬಳೆ, ಉಂಗುರ, ವಾಚು ಯಾವುದೂ ಇರಬಾರದು, ಕೈ ಸರಿಯಾಗಿ ತೊಳೆಯಲು ಆಗುವುದಿಲ್ಲ. ಬರಿಗೈ ಅಂತ ಬೇಜಾರು ಮಾಡಿಕೊಳ್ಳಬೇಡ, ರೂಮಿಗೆ ಬಂದ ಕೂಡಲೇ ಹಾಕಿಕೊಳ್ಳುತ್ತೇನೆ. ಸೂಜಿ ಚುಚ್ಚಿದರೆ ಅಂತ ಹೆದರಬೇಡ, ಹೆಪಟೈಟಿಸ್ ಬಿ ಲಸಿಕೆ 3 ಡೋಸೂ ಆಗಿದೆ. ನನ್ನ ಓದು ಯಾವಾಗ ಮುಗಿಯುತ್ತೆ ಅಂತ ದೊಡ್ಡಪ್ಪ ಕೇಳಿದರೆ ಹೇಳು, ವಿದೇಶದಲ್ಲಿ ಮೆಡಿಕಲ್ ಓದುವವರಿಗೆ ಭಾರತದ 2021ರ ನಿಯಮದ ಪ್ರಕಾರ ಇಲ್ಲಿ 12 ತಿಂಗಳು ಇಂಟರ್ನ್‌ಶಿಪ್ (ಆಸ್ಪತ್ರೆ ತರಬೇತಿ), ಅಲ್ಲಿಗೆ ಬಂದ ಮೇಲೆ ಮತ್ತೆ 12 ತಿಂಗಳು. ಅಷ್ಟೇ ಸಾಕು, ಜಾಸ್ತಿ ಹೇಳಬೇಡ.

ಫೋನ್ ಮಾಡಿದರೆ ಅಪ್ಪಾಜಿಯೇ ಎತ್ತಿ 'ಎಲ್ಲ ಆರಾಮ್' ಅಂತ ಇಟ್ಟುಬಿಡುತ್ತಾರೆ. ಅದಕ್ಕೇ ಬರೆದು, ಫೋಟೋ ತೆಗೆದು ಪುಟ್ಟನ ಮೊಬೈಲಿಗೆ ಕಳಿಸುತ್ತಿದ್ದೇನೆ. ಅವನು ಗಾಯದ ಫೋಟೋ ಕಳಿಸಲಿ, ಬಿಸಿಲಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ನಾನು ಚೆನ್ನಾಗಿದ್ದೇನೆ, ಊಟ ಸರಿಯಾಗಿದೆ, ನಿದ್ದೆ ಸರಿಯಾಗಿದೆ, ಏನೂ ತೊಂದರೆ ಇಲ್ಲ. ಕೋಟು ಇಸ್ತ್ರಿ ಆಗಿಲ್ಲ, ರೂಮ್‌ಮೇಟ್ ಲೈಟ್ ಆರಿಸು ಅಂತಿದ್ದಾಳೆ. ಅಜ್ಜಿಗೆ ನಮಸ್ಕಾರ. ಫೋಟೋ ಮರೆಯಬೇಡಿ.

ನಿನ್ನ ಮಗಳು