ಯಂತ್ರ ಕೊಳ್ಳುವಾಗಲೇ ಈ ಷರತ್ತು ಹಾಕಿ

ಮಾನ್ಯ ಸಂಪಾದಕರೇ,

ನಾನು ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಎಲ್ಲಿಂದ ಶುರುವಾಗುತ್ತದೆ ಎಂದು ಹುಡುಕುವ ಪಿಎಚ್.ಡಿ. ವಿದ್ಯಾರ್ಥಿನಿ. ನಾನು ಬಳಸುವ ಸೂಕ್ಷ್ಮದರ್ಶಕ ಬೆಳಕಿನಿಂದ ನೋಡುವಂಥದ್ದಲ್ಲ. ಕೂದಲಿಗಿಂತ ಎಷ್ಟೋ ಸಣ್ಣ ತುದಿಯ ಗಾಜಿನ ನಳಿಕೆ, ಒಳಗೆ ಉಪ್ಪುನೀರು. ಅದರ ಹನಿ ಉಕ್ಕಿಗೆ ತಾಗಿದಾಗ ಹರಿಯುವ ಕರೆಂಟನ್ನು ಅಳೆದು, ಮೇಲೆದ್ದು, ಪಕ್ಕದ ಜಾಗಕ್ಕೆ ಹೋಗುತ್ತದೆ. ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ತೋರಿಸಿಕೊಟ್ಟ ವಿಧಾನ ಇದು. ಉದ್ದಕ್ಕೆ 40, ಅಗಲಕ್ಕೆ 40 ಜಾಗ ಅಂದರೆ, ಜಾಗಕ್ಕೊಂದರಂತೆ, ಒಂದೇ ಸಲಕ್ಕೆ ಕರೆಂಟಿನ 1,600 ಗ್ರಾಫ್.

ಈ ಗ್ರಾಫ್‌ಗಳನ್ನು ತೆರೆದು ತೋರಿಸುವ ಸಾಫ್ಟ್‌ವೇರ್ ಯಂತ್ರದ ಜೊತೆ ಬಂದದ್ದು. ಒಂದೇ ಕಂಪ್ಯೂಟರಿನಲ್ಲಿ ಓಡುತ್ತದೆ. ಕಳೆದ ಮಳೆಗಾಲದಲ್ಲಿ ಆ ಕಂಪ್ಯೂಟರ್ ಕೆಟ್ಟಿತು. ಫೈಲುಗಳೆಲ್ಲ ನನ್ನ ಪೆನ್‌ಡ್ರೈವ್‌ನಲ್ಲೇ ಇದ್ದವು, ಆದರೆ ಬೇರೆಲ್ಲೂ ತೆರೆಯುತ್ತಿರಲಿಲ್ಲ. ನನ್ನ ಕೈಯಾರೆ ಅಳೆದ ಲೆಕ್ಕ ನನಗೇ ಸಿಗದ ಹಾಗಾಯಿತು.

ಕೊನೆಗೆ ನಮ್ಮ ಸೀನಿಯರ್ ಒಬ್ಬರು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಆ ಫೈಲುಗಳನ್ನು ತೆರೆಯುವ ಒಂದು ಪ್ರೋಗ್ರಾಂ ಬರೆದುಕೊಟ್ಟರು. ಅದರ ಸಾಲು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಹಳೆಯ ಸ್ಕ್ಯಾನ್ ಒಂದನ್ನು ಅದರಲ್ಲಿ ಹಾಕಿ ನೋಡಿದೆ. ಮೊದಲು ನುಣ್ಣಗೆ ಕಂಡಿದ್ದ ಗೆರೆಯಲ್ಲಿ ಸಣ್ಣ ಸಣ್ಣ ಮುಳ್ಳುಗಳು ಎದ್ದಿದ್ದವು! ಎರಡು ಮೂರು ಬಿಂದುಗಳಷ್ಟೇ ಅಗಲ. ಅಳತೆಯಲ್ಲಿ ಸುಮ್ಮನೆ ಬರುವ ಏರಿಳಿತ ಇರಬಹುದು ಅಂದುಕೊಂಡು ಬೇರೆ ಸ್ಕ್ಯಾನ್‌ಗಳನ್ನೂ ತೆಗೆದೆ. ಅಲ್ಲೂ ಇದ್ದವು, ಅದೂ ಹೆಚ್ಚಾಗಿ, ಸ್ಟೀಲಿನೊಳಗೆ ಕಲ್ಮಶವಾಗಿ ಉಳಿಯುವ ಮ್ಯಾಂಗನೀಸ್ ಸಲ್ಫೈಡ್ ಚುಕ್ಕಿಗಳ ಬಳಿಯೇ. ಸ್ಟೀಲಿನಲ್ಲಿ ತುಕ್ಕಿನ ಗುಂಡಿ ಬೀಳಲು ಶುರುವಾಗುವುದು ಇಂಥ ಕಡೆಯೇ ಅಲ್ವಾ? ಹಳೆಯ ಸಾಫ್ಟ್‌ವೇರ್ ನಮ್ಮನ್ನು ಕೇಳದೆ ಗೆರೆಯನ್ನು ನಯ ಮಾಡಿ, ನಾನು ಹುಡುಕುತ್ತಿದ್ದುದನ್ನೇ ಅಳಿಸಿ ತೋರಿಸುತ್ತಿತ್ತು. ಒಳಗೆ ಏನು ನಡೆಯುತ್ತದೆ ಎಂದು ನೋಡುವ ದಾರಿಯೇ ಇರಲಿಲ್ಲ.

ಒಳಗೆ ನೋಡಬಹುದಾದ ಸಾಫ್ಟ್‌ವೇರ್ ಮಾಡುವುದು ಆಗದ ಕೆಲಸವೇನಲ್ಲ. ಇಂಥ ಸೂಕ್ಷ್ಮದರ್ಶಕಗಳ ಚಿತ್ರಗಳನ್ನು ವಿಶ್ಲೇಷಿಸುವ ಗ್ವಿಡಿಯನ್ ಎಂಬ ಮುಕ್ತ ಸಾಫ್ಟ್‌ವೇರನ್ನು ಜೆಕ್ ದೇಶದ ಮಾಪನ ಸಂಸ್ಥೆಯ ಆಸರೆಯಲ್ಲಿ ವರ್ಷಗಟ್ಟಲೆ ಬೆಳೆಸಿದ್ದಾರೆ, ಪುಕ್ಕಟೆ ಸಿಗುತ್ತದೆ. ನಮ್ಮಲ್ಲೂ, ಸಂಶೋಧನಾ ಪತ್ರಿಕೆಗಳನ್ನು ಓದಲು ಕೊಡುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಕೇಂದ್ರ ಸರ್ಕಾರ 3 ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. ಬೇರೆಯವರ ಪ್ರಬಂಧ ಓದಲು ಅಷ್ಟು ಖರ್ಚು ಮಾಡುವಾಗ, ನಮ್ಮದೇ ಲ್ಯಾಬಿನ ಲೆಕ್ಕವನ್ನು ನಾವು ಓದುವಂತಿರಬೇಕು. ಜನರ ದುಡ್ಡಿನಲ್ಲಿ ಯಂತ್ರ ಕೊಳ್ಳುವ ಪ್ರತಿ ವಿಶ್ವವಿದ್ಯಾಲಯವೂ ಟೆಂಡರಿನಲ್ಲೇ ಬರೆಯಲಿ: ಅಳತೆಗಳು ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವ ಸಾದಾ ಫೈಲಾಗಿ, ತಿದ್ದುಪಡಿ ಇಲ್ಲದೆ ಸಿಗಬೇಕು. ವಿದ್ಯಾರ್ಥಿಗಳು ಬರೆಯುವ ಪ್ರೋಗ್ರಾಂಗಳನ್ನು ಪ್ರಬಂಧದ ಜೊತೆಗೇ ಎಲ್ಲರಿಗೂ ಬಿಟ್ಟುಕೊಡಲಿ.

ನಮ್ಮ ವಿಭಾಗಕ್ಕೆ ಇನ್ನೊಂದು ಯಂತ್ರ ಬರಲಿದೆ. ಅದರ ಷರತ್ತುಗಳ ಕರಡು ಈಗ ತಯಾರಾಗುತ್ತಿದೆ. ಈ ಮಾತನ್ನು ಅದರಲ್ಲಿ ಸೇರಿಸಿ ಎಂದು ಗೈಡ್ ಅವರಿಗೂ ಬರೆದುಕೊಟ್ಟಿದ್ದೇನೆ.

– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ