ಮತ್ತೆ ಸ್ಟೇರಿಂಗ್ ಹಿಡಿಯುವ ಮೊದಲು ಸಲ್ಲಬೇಕಾದ ಕೃತಜ್ಞತೆ

ಭಾರಿ ವಾಹನ ಓಡಿಸಲು ನಾನು ಮತ್ತೆ ಸಮರ್ಥನಾಗಿದ್ದೇನೆಂದು ವೈದ್ಯರು ಕಳೆದ ವಾರ ಬರೆದುಕೊಟ್ಟರು. ಅಪಘಾತವಾದ ದಿನದಿಂದ ಇಂದಿನವರೆಗೆ ನನ್ನನ್ನೂ ನನ್ನ ಮನೆಯವರನ್ನೂ ಕೈಹಿಡಿದು ನಡೆಸಿದವರು ಹಲವರು. ಕೆಲಸಕ್ಕೆ ಮರಳುವ ಮೊದಲು ಅವರ ಉಪಕಾರವನ್ನು ಎಲ್ಲರೆದುರು ನೆನೆಯಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಯಾವ ಮೂಳೆ ಮುರಿಯಿತು, ಎಷ್ಟು ಶಸ್ತ್ರಚಿಕಿತ್ಸೆಗಳಾದವು ಎಂಬುದು ನಿಮಗೆಲ್ಲ ತಿಳಿದೇ ಇರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಓವರ್‌ಟೇಕ್ ಮಾಡುತ್ತ ಎದುರಿಗೆ ಬಂದ ವಾಹನವೊಂದರಿಂದ ತಪ್ಪಿಸಿಕೊಳ್ಳಲು ಲಾರಿಯನ್ನು ಬೆಟ್ಟದ ಬದಿಗೆ ತಿರುಗಿಸಬೇಕಾಯಿತು ಎಂದರೆ ಸಾಕು. ನಾನು ಬರೆಯಬೇಕಾಗಿರುವುದು ಅದರ ನಂತರದ ರಾತ್ರಿಯ ಬಗ್ಗೆ, ಆ ರಾತ್ರಿ ನನ್ನ ಪಕ್ಕದಿಂದ ಕದಲದ ಒಬ್ಬರ ಬಗ್ಗೆ.

ಅವರು ನನ್ನ ಹಿಂದೆ ಲೋಡ್ ಗಾಡಿ ತರುತ್ತಿದ್ದ ಚಾಲಕರು. ಅದಕ್ಕೆ ಮೊದಲು ನಾವು ಒಬ್ಬರನ್ನೊಬ್ಬರು ನೋಡಿದವರಲ್ಲ. ಈಗ ನಾನು ಅವರನ್ನು ಅಣ್ಣ ಎಂದೇ ಕರೆಯುತ್ತೇನೆ. ಹೆಸರು ಹಾಕಕೂಡದೆಂದು ಅವರು ಹೇಳಿರುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅಣ್ಣ ಮೊದಲು ಓಡಿ ಬಂದದ್ದು ನನ್ನ ಕ್ಯಾಬಿನ್ನಿಗಲ್ಲ. ತಮ್ಮ ಗಾಡಿಯನ್ನು ತಿರುವಿಗೆ ಸಾಕಷ್ಟು ಹಿಂದೆಯೇ, ಬರುವವರಿಗೆ ದೂರದಿಂದ ಕಾಣುವಂತೆ ನಿಲ್ಲಿಸಿ, ಎಲ್ಲ ಇಂಡಿಕೇಟರುಗಳನ್ನು ಹಾಕಿ, ಕ್ಲೀನರ್ ಹುಡುಗನ ಕೈಗೆ ಟಾರ್ಚ್ ಕೊಟ್ಟು ಇನ್ನೂ ಹಿಂದಕ್ಕೆ ಕಳಿಸಿದರು. ಆಮೇಲೆ ನನ್ನ ಗಾಡಿಯ ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ವೈರ್ ಕಳಚಿ, ಡೀಸೆಲ್ ಸುರಿಯುತ್ತಿದೆ, ಯಾರೂ ಬೀಡಿ ಸಿಗರೇಟು ಹಚ್ಚಬೇಡಿ ಎಂದು ಸೇರಿದವರಿಗೆ ಕೂಗಿ ಹೇಳಿದರು. ಒಬ್ಬ ಗಾಯಾಳುವನ್ನು ನೋಡಲು ಹೋದವರು ಹಿಂದಿನಿಂದ ಬಂದ ವಾಹನಕ್ಕೆ ಸಿಕ್ಕಿ ಸತ್ತದ್ದನ್ನು ಈ ಕೆಲಸದಲ್ಲಿರುವವರೆಲ್ಲ ಕೇಳಿರುತ್ತಾರೆ. ಆದರೂ ಕತ್ತಲಲ್ಲಿ, ನರಳುವ ದನಿ ಕಿವಿಗೆ ಬೀಳುತ್ತಿರುವಾಗ, ಈ ಕ್ರಮವನ್ನು ತಪ್ಪದೆ ಪಾಲಿಸುವುದು ಎಷ್ಟು ಕಷ್ಟವೆಂಬುದು ನನಗೆ ಆಮೇಲೆ ಯೋಚಿಸಿದಾಗ ಅರ್ಥವಾಯಿತು.

ಡ್ಯಾಶ್‌ಬೋರ್ಡ್ ಒಳಕ್ಕೆ ಬಂದು ನನ್ನ ಕಾಲುಗಳು ಅದರ ಕೆಳಗೆ ಸಿಕ್ಕಿಕೊಂಡಿದ್ದವು. ಹೊರಗೆ ನಿಂತವರಲ್ಲಿ ಕೆಲವರು ‘ಎಳೆಯಿರಿ, ಹೊರಗೆ ಎಳೆಯಿರಿ’ ಎನ್ನುತ್ತಿದ್ದರು. ಬೆಂಕಿ ಹತ್ತಿಲ್ಲ, ಹಾಗಾಗಿ ಎಳೆಯುವ ಅಗತ್ಯವಿಲ್ಲ, ಕುತ್ತಿಗೆಗೆ ಪೆಟ್ಟಾಗಿದ್ದರೆ ಎಳೆದ ಮರುಕ್ಷಣವೇ ಆಯುಷ್ಯವಿಡೀ ಹಾಸಿಗೆ ಹಿಡಿಯುತ್ತಾನೆ, ಕತ್ತರಿಸಿ ತೆಗೆಯುವವರು ಬರುವವರೆಗೆ ಯಾರೂ ಮುಟ್ಟಕೂಡದು ಎಂದು ಅಣ್ಣ ಬಾಗಿಲಿಗೆ ಅಡ್ಡ ನಿಂತರು. ಒಡೆದ ಗಾಜಿನ ಮೇಲೆ ತಮ್ಮ ಕಂಬಳಿ ಹಾಸಿ ಒಳಗೆ ತೂರಿ, ಇನ್ನೊಂದನ್ನು ನನಗೆ ಹೊದಿಸಿ, ಸೀಟಿಗೆ ಮೊಣಕೈಗಳನ್ನು ಊರಿ ನನ್ನ ತಲೆಯನ್ನು ಎರಡೂ ಅಂಗೈಗಳ ನಡುವೆ ಅಲುಗದಂತೆ ಹಿಡಿದರು. ನೀರು ಕೇಳಿದರೆ ಕೊಡಲಿಲ್ಲ. ಆಪರೇಷನ್ ಮಾಡಬೇಕಾಗಿ ಬಂದರೆ ಹೊಟ್ಟೆಯಲ್ಲಿ ಏನೂ ಇರಬಾರದೆಂದು ಹೇಳಿ, ಕ್ಲೀನರ್ ಹುಡುಗನಿಂದ ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿಸಿದರು. ರಕ್ಷಣಾ ಸಿಬ್ಬಂದಿ ಬಂದು ಕ್ಯಾಬಿನ್ ಕತ್ತರಿಸಿ ನನ್ನನ್ನು ಹೊರತೆಗೆಯುವಾಗ ಬೆಳಕು ಹರಿದಿತ್ತು. ಅಲ್ಲಿಯವರೆಗೂ ಆ ಕೈಗಳು ಅಲ್ಲಿಯೇ ಇದ್ದವು.

ಅಷ್ಟು ಹೊತ್ತು ಅವರು ನನ್ನನ್ನು ಎಚ್ಚರವಾಗಿಟ್ಟದ್ದು ಮಾತಿನಿಂದ. ಧೈರ್ಯ ತುಂಬುವ ಮಾತುಗಳನ್ನು ಅವರು ಆಡಲೇ ಇಲ್ಲ. ಪರೀಕ್ಷೆ ತೆಗೆದುಕೊಳ್ಳುವವರಂತೆ ಗಾಡಿಯ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು. ಇಳಿಜಾರು ಶುರುವಾಗುವ ಮೊದಲು ಯಾವ ಗೇರಿಗೆ ಬರುತ್ತೀರಿ? ಎಂಜಿನ್ ಆರಿಸಿ ಬ್ರೇಕ್ ಒತ್ತಿ ಹಿಡಿದು ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ದಿನವೂ ನೋಡುತ್ತೀರೋ? ನಾನು ಉತ್ತರ ಹೇಳದಿದ್ದರೆ ತಾವೇ ತಮ್ಮ ಅನುಭವ ಹೇಳುತ್ತಿದ್ದರು. ಹೊಸಬರಾಗಿದ್ದಾಗ ಒಮ್ಮೆ ಅವರು ಮೇಲಿನ ಗೇರಿನಲ್ಲೇ ಬೆಟ್ಟ ಇಳಿಯಲು ತೊಡಗಿ, ಉದ್ದಕ್ಕೂ ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಬಂದಿದ್ದರಂತೆ. ಚಕ್ರದೊಂದಿಗೆ ತಿರುಗುವ ಬ್ರೇಕಿನ ಡ್ರಮ್ಮು ಕಾದು ಹಿಗ್ಗಿದಾಗ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನಿಂಗಿನಿಂದ ದೂರ ಸರಿಯುತ್ತದೆ, ಕಾದ ಲೈನಿಂಗಿನ ಹಿಡಿತವೂ ಕುಗ್ಗುತ್ತದೆ; ಆಗ ಎಷ್ಟು ಒತ್ತಿದರೂ ಗಾಡಿ ನಿಲ್ಲದು, ಅಷ್ಟು ವೇಗದಲ್ಲಿ ಕೆಳಗಿನ ಗೇರಿಗೆ ಇಳಿಸಲೂ ಆಗದು. ಸುಟ್ಟ ವಾಸನೆ ಬಂದಾಗಲೇ ತಡವಾಗಿತ್ತು, ಬದಿಯಲ್ಲಿ ಏರುದಾರಿಯೊಂದು ಸಿಕ್ಕದ್ದರಿಂದ ಉಳಿದೆ ಎಂದರು. ಅಂದಿನಿಂದ ಅವರು ಮೇಲಿನಿಂದಲೇ ಕೆಳಗಿನ ಗೇರಿನಲ್ಲಿ ಇಳಿಯುತ್ತಾರೆ. ಗಾಡಿ ಮಿತಿಯ ವೇಗ ಮುಟ್ಟಿದಾಗ ಗಟ್ಟಿಯಾಗಿ ಬ್ರೇಕ್ ಒತ್ತಿ, ಗಂಟೆಗೆ ಸುಮಾರು 8 ಕಿಲೋಮೀಟರಿನಷ್ಟು ವೇಗ ತಗ್ಗಿಸಿ, ಪೂರ್ತಿ ಬಿಟ್ಟುಬಿಡುತ್ತಾರೆ.

ನಾನೂ ಹೇಳಿದೆ. ಮುಂದಿನ ಟೈರ್ ಒಡೆದು ಗಾಡಿ ಒಂದು ಕಡೆಗೆ ಎಳೆದಾಗ ಬ್ರೇಕ್ ಮುಟ್ಟದೆ ಸ್ಟೇರಿಂಗನ್ನು ಬಿಗಿಯಾಗಿ ನೇರ ಹಿಡಿದು, ತಾನಾಗಿಯೇ ವೇಗ ಇಳಿಯುವವರೆಗೆ ಬಿಟ್ಟದ್ದರಿಂದ ಉಳಿದ ದಿನದ ಕಥೆಯನ್ನು ಹೇಳಿದೆ. ಅದನ್ನು ನನಗೆ ಕಲಿಸಿದವರು ನನ್ನ ಮೊದಲ ಗುರುಗಳಾದ ಹಿರಿಯ ಚಾಲಕರು; ಅವರು ಈಗಿಲ್ಲ, ಆದರೆ ಈ ಕೃತಜ್ಞತೆಯಲ್ಲಿ ಅವರ ಪಾಲೂ ಇದೆ. ಬೆಳಗಿನ ಜಾವ 2ರಿಂದ 5ರ ನಡುವೆ, ಹಗಲು ನಿದ್ದೆ ಮಾಡಿದ್ದರೂ ದೇಹ ತಾನೇ ಮಲಗಲು ಹೊರಡುವುದರ ಬಗ್ಗೆಯೂ ಮಾತಾಯಿತು. 80 ಕಿಲೋಮೀಟರ್ ವೇಗದಲ್ಲಿ ನಾಲ್ಕೇ ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ ಸುಮಾರು 90 ಮೀಟರ್ ದೂರವನ್ನು ಚಾಲಕನಿಲ್ಲದೆ ಕ್ರಮಿಸಿರುತ್ತದೆ ಎಂದು ಅಣ್ಣ ಲೆಕ್ಕ ಹೇಳಿದರು. ಒಬ್ಬನೇ ಚಾಲಕನನ್ನು ಇಡೀ ರಾತ್ರಿ ಓಡಿಸಿ ಬೆಳಿಗ್ಗೆ ಸರಕು ಇಳಿಸಬೇಕೆನ್ನುವ ಪದ್ಧತಿ ನಿಲ್ಲಲೇಬೇಕು. ಇದನ್ನು ಕೃತಜ್ಞತೆಯ ಬರಹದಲ್ಲಿ ಹೇಳಬೇಕೇ ಎಂದು ಕೆಲವರಿಗೆ ಅನಿಸಬಹುದು, ನನಗೆ ಹೇಳಬೇಕೆನಿಸಿದೆ.

ಒಂದು ಹಂತದಲ್ಲಿ ನೋವು ನಿಂತುಹೋಯಿತು. ಕಾಲುಗಳಿವೆಯೆಂಬ ಅರಿವೇ ಇರಲಿಲ್ಲ, ಚಳಿ ಮಾತ್ರ ಏರುತ್ತಿತ್ತು. ನೀವಿನ್ನು ಹೊರಡಿ, ನಿಮ್ಮ ಲೋಡಿಗೆ ತಡವಾಗುತ್ತದೆ, ನನ್ನ ಫೋನಿನಲ್ಲಿ ಮನೆಯ ನಂಬರ್ ಇದೆ, ಮಗಳಿಗೆ ಶಾಲೆ ಬಿಡಿಸಬೇಡಿ ಎಂದು ಹೇಳಿರಿ ಎಂದೆ. ನನಗೆ ಸಾಯಲು ಇಷ್ಟವಿರಲಿಲ್ಲ, ಬಹಳ ಭಯವಾಗಿತ್ತು, ಆ ಭಯವನ್ನು ಹೇಳಲು ಬೇರೆ ಮಾತು ಸಿಗಲಿಲ್ಲ. ಅಣ್ಣ ಉತ್ತರ ಕೊಡಲಿಲ್ಲ. ಅವರ ಅಂಗೈಗಳು ನನ್ನ ಕಿವಿಗಳ ಮೇಲೆ ನಡುಗುತ್ತಿದ್ದುದು ಮಾತ್ರ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಬಳಿಕ ಗಂಟಲು ಸರಿಮಾಡಿಕೊಂಡು, ನಿಮ್ಮ ಗಾಡಿಯ ಸ್ಲ್ಯಾಕ್ ಅಡ್ಜಸ್ಟರ್, ಅಂದರೆ ಬ್ರೇಕಿನ ಸಡಿಲ ಸರಿಮಾಡುವ ಭಾಗ, ಯಾವಾಗ ನೋಡಿಸಿದ್ದಿರಿ ಎಂದು ಕೇಳಿದರು. ನಾನು ಉತ್ತರ ಹುಡುಕತೊಡಗಿದೆ. ಇದನ್ನು ಬರೆಯುವಾಗ ಈಗಲೂ ಕಣ್ಣು ತುಂಬುತ್ತದೆ.

ಗಾಡಿ ಅಪ್ಪಳಿಸಿದ ಮೇಲೂ ಇಳಿಜಾರಿನಲ್ಲಿ ಹಿಂಜಾರದೆ ನಿಂತದ್ದಕ್ಕೆ ಕಾರಣವನ್ನು ಅಣ್ಣ ಆಸ್ಪತ್ರೆಗೆ ಬಂದಾಗ ವಿವರಿಸಿದರು. ಬ್ರೇಕುಗಳಿಗೆ ಒತ್ತಡದ ಗಾಳಿ ಒಯ್ಯುವ ಪೈಪುಗಳು ಹರಿದು ಗಾಳಿಯ ಟ್ಯಾಂಕುಗಳು ಬರಿದಾಗಿದ್ದವು. ಪಾರ್ಕಿಂಗ್ ಬ್ರೇಕನ್ನು ಹಿಡಿಯುವುದು ಸ್ಪ್ರಿಂಗು, ಗಾಳಿಯ ಕೆಲಸ ಅದನ್ನು ಬಿಡಿಸಿ ಇಡುವುದಷ್ಟೇ ಆದ್ದರಿಂದ, ಗಾಳಿ ಹೋದಾಗ ಹಿಂದಿನ ಚಕ್ರಗಳು ತಾವಾಗಿಯೇ ಬಿಗಿದುಕೊಂಡಿದ್ದವು. ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬವರು 1869ರಲ್ಲಿ ರೈಲುಗಳಿಗೆಂದು ಗಾಳಿಯ ಬ್ರೇಕ್ ರೂಪಿಸಿ, 1872ರಲ್ಲಿ ಅದನ್ನು ಪೈಪು ಹರಿದರೆ ಬ್ರೇಕ್ ತಾನೇ ಹಿಡಿಯುವಂತೆ ಬದಲಿಸಿದರೆಂದು ಹಾಸಿಗೆಯಲ್ಲಿದ್ದಾಗ ಓದಿದೆ. ಲಾರಿಯ ಸ್ಪ್ರಿಂಗ್ ಬ್ರೇಕ್ ಬೇರೆ ರಚನೆಯದಾದರೂ ಅದರ ಹಿಂದಿನ ವಿಚಾರ ಅದೇ. ಏನೋ ಕೆಟ್ಟುಹೋದಾಗ ಯಂತ್ರ ಸುರಕ್ಷಿತ ಸ್ಥಿತಿಗೇ ಬರಬೇಕೆಂದು ಇಷ್ಟು ಹಿಂದೆಯೇ ಕುಳಿತು ಯೋಚಿಸಿದವರಿಗೂ ನಾನು ಋಣಿ. ನಾನು ಬದುಕಿದ್ದನ್ನು ಅದೃಷ್ಟವೆಂದು ಹಲವರು ಪ್ರೀತಿಯಿಂದ ಹೇಳುತ್ತೀರಿ. ಆದರೆ ನನ್ನ ಒಂದೊಂದು ಪಾರಾಗುವಿಕೆಯ ಹಿಂದೆಯೂ ತನಗೆ ಗೊತ್ತಿದ್ದುದನ್ನು ನನ್ನವರೆಗೆ ಮುಟ್ಟಿಸಿದ ಒಬ್ಬ ಮನುಷ್ಯ ಕಾಣುತ್ತಾನೆ. ಅದನ್ನು ಅದೃಷ್ಟದ ಲೆಕ್ಕಕ್ಕೆ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕ್ಯಾಬಿನ್ ಕತ್ತರಿಸಿದ ರಕ್ಷಣಾ ಸಿಬ್ಬಂದಿಗೆ, ಆಂಬುಲೆನ್ಸಿನವರಿಗೆ, ವೈದ್ಯರಿಗೆ, ದಾದಿಯರಿಗೆ, ನಡೆಯಲು ಮತ್ತೆ ಕಲಿಸಿದ ಫಿಸಿಯೋಥೆರಪಿಯವರಿಗೆ, ರಕ್ತ ಕೊಟ್ಟವರಿಗೆ, ಹಣ ಕೂಡಿಸಿದ ಚಾಲಕ ಮಿತ್ರರಿಗೆ, ಸಂಬಳ ನಿಲ್ಲಿಸದ ಮಾಲೀಕರಿಗೆ, ಮಗಳನ್ನು ಶಾಲೆಗೆ ಕರೆದೊಯ್ದ ನೆರೆಯವರಿಗೆ ನನ್ನ ಹೃತ್ಪೂರ್ವಕ ನಮಸ್ಕಾರಗಳು. ಹೆಂಡತಿಗೆ ಹೇಳಬೇಕಾದದ್ದನ್ನು ಮನೆಯಲ್ಲಿಯೇ ಹೇಳಿದ್ದೇನೆ.

ಕಾಲು ಗುಣವಾದ ಮೇಲೂ ಎಂಜಿನ್ ಶಬ್ದಕ್ಕೆ ಅಂಗೈ ಬೆವರುವುದು ನಿಂತಿರಲಿಲ್ಲ. ಅದನ್ನು ತಿಳಿದು ಅಣ್ಣ ನನ್ನನ್ನು ತಮ್ಮ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಮೊದಲು ನಿಂತ ಗಾಡಿಯಲ್ಲಿ, ಆಮೇಲೆ ಹಗಲಿನ ಸಮತಟ್ಟು ರಸ್ತೆಯಲ್ಲಿ, ಕೊನೆಗೆ ಇಳಿಜಾರಿನಲ್ಲಿ ಕರೆದುಕೊಂಡು ಹೋದರು. ಪ್ರತಿ ಸಲವೂ ಹೊರಡುವ ಮೊದಲು ಟೈರು, ಹಗ್ಗ, ತಾಡಪಾಲು, ಗಾಳಿಯ ಗೇಜು ಇವನ್ನು ನನ್ನಿಂದಲೇ ಪರೀಕ್ಷೆ ಮಾಡಿಸಿದರು. ಕ್ಯಾಬಿನ್ನಿನ ಮುಂದುಗಡೆ ಮತ್ತು ಆಚೆ ಬದಿಯಲ್ಲಿ ಕನ್ನಡಿಗೂ ಕಾಣದ ಜಾಗಗಳಲ್ಲಿ ತಾವೇ ನಿಂತು, ಕಾಣುತ್ತೇನೆಯೇ ಎಂದು ಕೇಳಿ, ಕಾಣುವುದಿಲ್ಲವೆಂಬ ಉತ್ತರ ಬಂದ ಮೇಲೆಯೇ ಅಲ್ಲಿಂದ ಸರಿದರು.

ಮುಂದಿನ ತಿಂಗಳಿನಿಂದ ಮತ್ತೆ ಕೆಲಸಕ್ಕೆ ಹೋಗುತ್ತೇನೆ. ಸದ್ಯಕ್ಕೆ ಹಗಲು ಮಾತ್ರ ಓಡಿಸುವುದೆಂದು, ರಾತ್ರಿಯ ದೂರದ ಓಟಕ್ಕೆ ಇಬ್ಬರು ಚಾಲಕರಿರಬೇಕೆಂದು ಮಾಲೀಕರೊಂದಿಗೆ ಮಾತಾಗಿದೆ. ಗಾಡಿಯ ಪೆಟ್ಟಿಗೆಯಲ್ಲಿ ಎರಡು ಕಂಬಳಿ, ಟಾರ್ಚು, ರಿಫ್ಲೆಕ್ಟರ್ ತ್ರಿಕೋನಗಳು, ಚಕ್ರಕ್ಕೆ ಕೊಡುವ ಕಟ್ಟಿಗೆಗಳು ಸಿದ್ಧವಾಗಿವೆ. ಅಣ್ಣ ಮತ್ತು ನಾನು ರಜೆಯ ದಿನಗಳಲ್ಲಿ ಹೊಸ ಚಾಲಕರಿಗೂ ಕ್ಲೀನರ್ ಹುಡುಗರಿಗೂ ಗಾಳಿಯ ಬ್ರೇಕ್ ಪರೀಕ್ಷೆ, ಇಳಿಜಾರಿನ ಗೇರು, ಅಪಘಾತದ ಸ್ಥಳದಲ್ಲಿ ಮೊದಲು ಮಾಡಬೇಕಾದ ಕೆಲಸ ಇವನ್ನು ನಿಂತ ಗಾಡಿಯಲ್ಲೇ ತೋರಿಸಿಕೊಡಲು ನಿರ್ಧರಿಸಿದ್ದೇವೆ. ಕಲಿಯಬೇಕೆನ್ನುವವರು ನಮ್ಮಿಬ್ಬರಲ್ಲಿ ಯಾರಿಗಾದರೂ ಒಂದು ಮಾತು ತಿಳಿಸಿದರೆ ದಿನ ಗೊತ್ತುಮಾಡಿ ಹೇಳುತ್ತೇವೆ.