ಎಲ್ಲ ಗುಳಿಗೆಗೂ ಒಂದೇ ಬೀಗ ಏಕೆ?

ಮಾನ್ಯ ಸಂಪಾದಕರೇ,

ರೋಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ಬರುವವರಲ್ಲಿ ಡಾಕ್ಟರ ಚೀಟಿ ತರುವವರು ಕಡಿಮೆ. ‘ಸೊಂಟ ಹಿಡದೈತ್ರಿ, ಎರಡು ಗುಳಿಗಿ ಕೊಡ್ರಿ’ ಎನ್ನುವವರೇ ಹೆಚ್ಚು. ನೋವಿನ ಡೈಕ್ಲೋಫೆನಾಕ್ ಗುಳಿಗೆ ಕಾನೂನಿನ ಷೆಡ್ಯೂಲ್ ಎಚ್ ಎಂಬ ಪಟ್ಟಿಗೆ ಸೇರಿದ್ದು, ಚೀಟಿ ಇಲ್ಲದೆ ಕೊಡುವಂತಿಲ್ಲ. ಆದರೆ ಚೀಟಿಗಾಗಿ ಗದಗಕ್ಕೆ ಹೋದರೆ ಒಂದು ದಿನದ ಕೂಲಿ ಹೋಯಿತು. ಹೀಗಾಗಿ ಕೊಡುತ್ತೇವೆ. ನಾನೂ ಕೊಟ್ಟಿದ್ದೇನೆ.

ದಿನಾ ಮುರಿಯುವ ನಿಯಮಕ್ಕೆ ಅಂಜಿಕೆ ಉಳಿಯುವುದಿಲ್ಲ. ನೋವಿನ ಗುಳಿಗೆ ಕೊಟ್ಟ ಕೈಯೇ ನಾಳೆ ಆಂಟಿಬಯಾಟಿಕ್ ಕೊಡುತ್ತದೆ. ಕೆಲವು ಆಂಟಿಬಯಾಟಿಕ್‌ಗಳೂ ಸೇರಿದ, ಇನ್ನೂ ಬಿಗಿಯಾದ ಷೆಡ್ಯೂಲ್ ಎಚ್1 ಪಟ್ಟಿಯ ಔಷಧಗಳಿಗೆ 2014ರಿಂದ ಬೇರೆ ರಿಜಿಸ್ಟರ್ ಇಟ್ಟು, ಅದನ್ನು ಮೂರು ವರ್ಷ ಕಾಪಿಡಬೇಕೆಂದಿದೆ. ಅದನ್ನು ಮನಸ್ಸಿಟ್ಟು ಬರೆಯುವವರು ಎಷ್ಟು ಮಂದಿ?

ಕಳೆದ ಮಳೆಗಾಲದಲ್ಲಿ ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳೊಬ್ಬಳು ತೊಡೆಸಂದಿಯ ಹುಳಕಡ್ಡಿ ಹೇಳಿಕೊಳ್ಳಲು ನಾಚಿ, ಸೆರಗಿನ ಗಂಟು ಬಿಚ್ಚಿ ಖಾಲಿ ಟ್ಯೂಬೊಂದನ್ನು ಕೌಂಟರಿನ ಮೇಲಿಟ್ಟಳು. ಬೇರೊಂದು ಅಂಗಡಿಯವರು ಕೊಟ್ಟದ್ದು. ಕ್ಲೋಬೆಟಾಸಾಲ್ ಎಂಬ ಸ್ಟೀರಾಯ್ಡ್ ಬೆರೆತದ್ದು; ಅದು ತುರಿಕೆ ಅಡಗಿಸುತ್ತದೆ, ಹುಳಕಡ್ಡಿಯನ್ನು ಒಳಗೇ ಬೆಳೆಸುತ್ತದೆ. ಮೂರು ದಿನ ತುರಿಕೆ ನಿಂತಿತ್ತಂತೆ. ಆಮೇಲೆ ಹೊಟ್ಟೆಯವರೆಗೂ ಹಬ್ಬಿತು. ಇಂಥ ಸ್ಟೀರಾಯ್ಡ್ ಮುಲಾಮುಗಳು 2018ರಲ್ಲೇ ಷೆಡ್ಯೂಲ್ ಎಚ್ ಸೇರಿವೆ. ಮೊದಲೇ ಹುಳಕಡ್ಡಿಯ ಶಿಲೀಂಧ್ರ ಕೊಲ್ಲುವ ಕ್ಲೋಟ್ರಿಮಜೋಲ್ ಮುಲಾಮನ್ನಷ್ಟೇ ಕೊಟ್ಟು, ತುರಿಕೆ ನಿಂತರೂ ಹಚ್ಚುವುದನ್ನು ಬಿಡಬೇಡ ಎಂದಿದ್ದರೆ ಇಷ್ಟಾಗುತ್ತಿರಲಿಲ್ಲ.

ಆದ್ದರಿಂದ ಎರಡು ಕೆಲಸ ಒಟ್ಟಿಗೆ ಆಗಬೇಕು. ಸಾದಾ ಔಷಧಗಳನ್ನು ಚೀಟಿಯಿಂದ ಬಿಡಿಸಿ. ಆಂಟಿಬಯಾಟಿಕ್, ಸ್ಟೀರಾಯ್ಡ್‌ಗಳ ಮೇಲಿನ ಹಿಡಿತ ಬಿಗಿ ಮಾಡಿ. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಪ್ಯಾರಾಸಿಟಮಾಲ್, ಕ್ಲೋಟ್ರಿಮಜೋಲ್, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಸೇರಿ ಚೀಟಿ ಇಲ್ಲದೆ ಮಾರಬಹುದಾದ 16 ಔಷಧಗಳ ಕರಡು ಪಟ್ಟಿ ಹೊರಡಿಸಿತ್ತು. ಐದು ದಿನಕ್ಕಿಂತ ಹೆಚ್ಚು ಬಳಸಬಾರದು, ಗುಣವಾಗದಿದ್ದರೆ ಡಾಕ್ಟರ ಬಳಿ ಹೋಗಬೇಕು ಎಂಬ ಷರತ್ತಿತ್ತು. ಜ್ವರಕ್ಕೆ ಅದು ಸರಿ. ಹುಳಕಡ್ಡಿಗೆ ವಾರಗಟ್ಟಲೆ ಹಚ್ಚಬೇಕು, ಐದು ದಿನಕ್ಕೆ ಬಿಟ್ಟರೆ ಮತ್ತೆ ಏಳುತ್ತದೆ. ಅವಧಿಯನ್ನು ಔಷಧ ನೋಡಿಯೇ ನಿಗದಿ ಮಾಡಬೇಕು.

ಬ್ರಿಟನ್‌ನಲ್ಲಿ ಮೂರು ದರ್ಜೆಗಳಿವೆ: ಕಿರಾಣಿ ಅಂಗಡಿಯಲ್ಲೂ ಸಿಗುವವು, ಫಾರ್ಮಸಿಸ್ಟರ ನಿಗಾದಲ್ಲಿ ಮಾತ್ರ ಕೊಡುವವು, ಚೀಟಿಗೆ ಮಾತ್ರ ಸಿಗುವವು. ಅಲ್ಲಿ ಪ್ಯಾರಾಸಿಟಮಾಲ್‌ಗೂ ಮಿತಿಯಿದೆ. 1998ರಿಂದ ಸಾಮಾನ್ಯ ಅಂಗಡಿಯ ಪ್ಯಾಕಿನಲ್ಲಿ 16 ಗುಳಿಗೆ, ಫಾರ್ಮಸಿಯಲ್ಲಿ 32. ನಮ್ಮ ಹಳ್ಳಿಗಳಿಗೆ ಬೇಕಾದದ್ದು ಆ ನಡುವಿನ ದರ್ಜೆ.

ನಮ್ಮಲ್ಲಿ ಗುಳಿಗೆಯ ಸ್ಟ್ರಿಪ್ ಕತ್ತರಿಸಿ ಎರಡೇ ಗುಳಿಗೆ ಕೊಡುತ್ತೇವೆ. ಹೆಸರು, ಎಕ್ಸ್‌ಪೈರಿ ಎಷ್ಟೋ ಸಲ ಅಂಗಡಿಯ ತುಂಡಿನಲ್ಲೇ ಉಳಿಯುತ್ತವೆ. ಚೀಟಿ ಬೇಡದ ಔಷಧ ಸಣ್ಣ ಪ್ಯಾಕಿನಲ್ಲೇ ಬರಲಿ. ದಿನಕ್ಕೆ ಎಷ್ಟು, ಬಸುರಿಯರು ತಗೋಬಹುದೇ, ಹೊಟ್ಟೆಹುಣ್ಣಿದ್ದವರು ಏನು ಮಾಡಬೇಕು ಎಂಬುದು ದಪ್ಪ ಕನ್ನಡ ಅಕ್ಷರಗಳಲ್ಲಿರಲಿ.

ನಮ್ಮ ವೃತ್ತಿಯವರಿಗೆ ಕಹಿ ಎನಿಸಿದರೂ ಹೇಳುತ್ತೇನೆ. ಎಷ್ಟೋ ಅಂಗಡಿಗಳಲ್ಲಿ ಫಾರ್ಮಸಿಸ್ಟರ ಸರ್ಟಿಫಿಕೇಟು ಗೋಡೆಯ ಮೇಲಿರುತ್ತದೆ, ಔಷಧ ಕೊಡುವವನು ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ. ಇದನ್ನು ಹಾಗೇ ಬಿಟ್ಟು ಚೀಟಿಯ ನಿಯಮ ಸಡಿಲಿಸಿದರೆ ಆ ಹೆಣ್ಣುಮಗಳಿಗೆ ಮತ್ತೆ ಅದೇ ಟ್ಯೂಬು ಸಿಗುತ್ತದೆ. ಫಾರ್ಮಸಿಸ್ಟರಿಲ್ಲದ ಹೊತ್ತಿನಲ್ಲಿ ನಡುವಿನ ದರ್ಜೆಯ ಔಷಧ ಮಾರಬಾರದು ಎಂಬ ಷರತ್ತೂ ನಿಯಮ ಸಡಿಲಿಸುವ ಆದೇಶದಲ್ಲೇ ಇರಬೇಕು.

— ಒಬ್ಬ ಫಾರ್ಮಸಿಸ್ಟ್, ರೋಣ ತಾಲ್ಲೂಕು, ಗದಗ ಜಿಲ್ಲೆ